ಕಸ್ತೂರಿಬಾಯಿ ಹಾಕಿಕೊಟ್ಟ ಕುರ್ಚಿ

ಚೀಲದಿಂದ ಊಟದ ಡಬ್ಬಿ ತೆಗೆಯುವಷ್ಟೇ ಸಹಜವಾಗಿ ಹೆರಿಗೆ ವಾರ್ಡಿನ ಸಿಸ್ಟರ್ ಕಸ್ತೂರಿಬಾಯಿ, ಹಾಲೂಡಿಸುವುದನ್ನು ಕಲಿಸಲೆಂದು ಉಣ್ಣೆಯಲ್ಲಿ ಹೆಣೆದ ಮೊಲೆಯೊಂದನ್ನು ತೆಗೆದು ಮೇಜಿನ ಮೇಲಿಡುತ್ತಿದ್ದರು. ಸುತ್ತ ಕೂತ ಗಂಡಸರೆಲ್ಲ ತಕ್ಷಣ ಫ್ಯಾನಿನ ಗಂಭೀರ ಅಧ್ಯಯನಕ್ಕೆ ತೊಡಗುತ್ತಿದ್ದೆವು.

"ಮ್ಯಾಲೇನ್ ನೋಡ್ತೀರಿ? ನೀವೆಲ್ಲಾ ಇದನ್ನ ಕುಡ್ದೇ ದೊಡ್ಡೋರಾದೋರು, ಫ್ಯಾನ್ ಕುಡ್ದಲ್ಲ!"

ನನ್ನ ಮಗಳು ಸುನಂದಾ ಸೇಡಂ ಆಸ್ಪತ್ರೆಯಲ್ಲಿ ಮೊದಲನೆಯದನ್ನು ಹೆತ್ತಾಗ ಕೂಸು ಮೊಲೆ ಹಿಡಿಯಲೊಲ್ಲದು. ತೂಕ ಇಳಿಯತೊಡಗಿತು. ಎದೆ ಬಿಗಿದು ಮಗಳು ಅಳುತ್ತಿದ್ದಳು. ನನ್ನ ಹೆಂಡತಿ ದೃಷ್ಟಿ ತೆಗೆದು ತೆಗೆದು ಮನೆಯ ಮೆಣಸಿನಕಾಯಿ ಮುಗಿಸಿದ್ದಳು. ಪುಡಿಹಾಲಿನ ಡಬ್ಬಿ ತರಲು ನಾನು ಚಪ್ಪಲಿ ಮೆಟ್ಟಿದರೆ, ವಾರ್ಡಿನ ಬಾಗಿಲಲ್ಲಿ ಕಸ್ತೂರಿಬಾಯಿ ಅಡ್ಡ ನಿಂತರು.

"ಡಬ್ಬಿ ಆಮ್ಯಾಲೆ ತರೀರಂತ, ಮಾಸ್ತರ್ರ. ಮದಲ್ ಪಂಚಾಯ್ತಿ ಸೇರ್ಲಿ."

ಪಂಚಾಯಿತಿ ಸೇರಿತು. ಮಕ್ಕಳ ಡಾಕ್ಟರು ಕೂಸನ್ನು ತೂಗಿದರು. ಹಲ್ಲಿನ ಡಾಕ್ಟರು ಹಲ್ಲೇ ಇಲ್ಲದ ರೋಗಿಯ ಬಾಯಿಗೆ ಬ್ಯಾಟರಿ ಬಿಟ್ಟು, ನಾಲಿಗೆ ಕೆಳಗೆ ಅಂಟಿಕೊಂಡಿಲ್ಲವೆಂದು ತೀರ್ಪಿತ್ತರು. ಫಿಜಿಯೋಥೆರಪಿಯ ಹುಡುಗಿ ಬೆನ್ನಿಗೆ ದಿಂಬು ಕೊಟ್ಟು, ಹೊಲಿಗೆ ನೋಯದಂತೆ ಕೂಡುವುದನ್ನು ಮಗಳಿಗೆ ಕಲಿಸಿದಳು. ಕಸ್ತೂರಿಬಾಯಿಯ ಕಣ್ಣು ಮಾತ್ರ ಕಿಟಕಿಯಲ್ಲಿದ್ದ ಸಕ್ಕರೆ ನೀರಿನ ಬಟ್ಟಲ ಮೇಲಿತ್ತು.

"ಇದ್ಯಾರ್ದ್ರಿ?"

"ಕೂಸಿಂದು," ಎಂದಳು ನನ್ನ ಹೆಂಡತಿ. "ನೋಡಾಕ ಬಂದೋರು ಬೆರಳಿಗಿ ಹಚ್ಚಿ ಬಾಯಾಗ ಇಡ್ತಾರ. ಬ್ಯಾಡಂದ್ರ ಅಪಮಾನ ಅಲ್ಲೇನ್ರಿ?"

ನಮ್ಮ ಬಳಗ ಸುಲೇಪೇಟದಿಂದ ರಾವೂರದವರೆಗೆ ಹಬ್ಬಿದೆ. ಪ್ರತಿ ಬಸ್ಸೂ ಒಂದಷ್ಟು ಬೆರಳುಗಳನ್ನು ಇಳಿಸಿ ಹೋಗುತ್ತಿತ್ತು.

"ಬೀಗರ ಬೆರಳ್ ಚೀಪಿ ಚೀಪಿ ಕೂಸು ದಣದದ. ಅವ್ವನ ಹಾಲ್ ಯಾಕ್ ಬೇಕಾಗ್ತದ ಅದಕ್ಕ?"

ಬಟ್ಟಲನ್ನು ಮೋರಿಗೆ ಸುರಿದವರೇ ಬಾಗಿಲಿಗೆ ಕುರ್ಚಿ ಹಾಕಿದರು. "ಕುಂದ್ರಿ, ಮಾಸ್ತರ್ರ. ಒಂದ್ ಬೆರಳ್ ಸೈತ ಒಳಗ್ ಹೋಗಬಾರ್ದು."

ಹೀಗೆ ನಾನು ವೈದ್ಯಕೀಯ ತಂಡದ ಸದಸ್ಯನಾದೆ. ಸ್ವಂತ ಅಕ್ಕನನ್ನೇ ಹೊರಗೆ ತಡೆದೆ. "ಮಾಸ್ತರಕಿ ಮುಗಿಸಿ ಪೋಲೀಸ್ ಆದೇನೋ ಭಾಡ್ಯಾ?" ಎಂದು ಆಕೆ ವಾರ್ಡಿಗೆಲ್ಲ ಕೇಳುವಂತೆ ಬೈದಳು. ಒಳಗೆ ಉಣ್ಣೆಯ ಮೊಲೆ ಹಿಡಿದು ಕಸ್ತೂರಿಬಾಯಿಯ ಪಾಠ ನಡೆದಿತ್ತು. ಮರುದಿನ ಸಂಜೆ ಪರದೆಯ ಆಚೆಯಿಂದ ಗುಟುಕು ಗುಟುಕಾಗಿ ನುಂಗುವ ಸದ್ದು ಬಂತು. ಮತ್ತೆ ಬಂದಿದ್ದ ಅಕ್ಕ ಬೈಗುಳ ಅರ್ಧಕ್ಕೇ ನಿಲ್ಲಿಸಿ ಕಿವಿಗೊಟ್ಟಳು.

ಮುಂದೆ ಕಸ್ತೂರಿಬಾಯಿಗೆ ಚಿಂಚೋಳಿಗೆ ವರ್ಗವಾಯಿತು. ಬೀಳ್ಕೊಡಲು ಹೋದ ನನಗೆ ಬಸ್ಸಿನ ಕಿಟಕಿಯಿಂದ, "ಡ್ಯೂಟಿ ಮುಗೀತು ಮಾಸ್ತರ್ರ, ಇನ್ನ ಏಳ್ರಿ," ಎಂದು ನಕ್ಕದ್ದೇ ಕೊನೆ.

ಈ ವರ್ಷ ಸುನಂದಾ ಎರಡನೆಯದನ್ನು ಹೆತ್ತಳು. ಯಾರೂ ಹೇಳದೆಯೇ ಅದೇ ವಾರ್ಡಿನ ಬಾಗಿಲಿಗೆ ಕುರ್ಚಿ ಹಾಕಿ ಕೂತೆ. ಅಕ್ಕ ಬಂದಳು. ನನ್ನನ್ನು ದುರುಗುಟ್ಟಿ ನೋಡಿ, ತಾನೂ ಒಂದು ಕುರ್ಚಿ ಎಳೆದು ಪಕ್ಕದಲ್ಲಿ ಕೂತಳು.

"ಆ ಸಿಸ್ಟರ್ ಬಾಯಿ ಇಲ್ಲಿಲ್ಲಲ್ಲೋ ಈಗ," ಎಂದಳು. "ನೀ ಒಬ್ಬಾಂವ ಎಷ್ಟಂತ ಬೆರಳ್ ತಡೀತಿ?"