ಚಾಂಪಿಯನ್ ಕುಷ್ಟನ ಹಸಿವು

ನಾವುಂದದ ಕುಷ್ಟ ಕಾರ್ ರೇಸಿನಲ್ಲಿ ರಾಷ್ಟ್ರೀಯ ಚಾಂಪಿಯನ್ ಆಗುವ ಮೊದಲು ಒಂದು ದಿನವೂ ಹಸಿದವನಲ್ಲ. ಅವನನ್ನು ಉಪವಾಸ ಕೆಡವಿದವನು ನಾನು.

ನನ್ನದೊಂದು ಡಿಟಿಪಿ ಅಂಗಡಿ. ಮದುವೆ ಕಾಗದ, ಗೃಹಪ್ರವೇಶದ ಕಾಗದ, ಇವೆಲ್ಲಕ್ಕಿಂತ ಹೆಚ್ಚಾಗಿ ಸನ್ಮಾನ ಪತ್ರ. ಕುಂದಾಪುರದಿಂದ ಬೈಂದೂರಿನವರೆಗೆ ಒಂದು ಮೈಕು, ನಾಲ್ಕು ಕುರ್ಚಿ ಸೇರಿದಲ್ಲೆಲ್ಲ ಯಾರದಾದರೂ ಹೆಗಲಿಗೆ ಶಾಲು ಬೀಳುತ್ತದೆ. ಶಾಲು, ಹಣ್ಣಿನ ತಟ್ಟೆಯ ಜೊತೆಗೆ ಫ್ರೇಮು ಹಾಕಿದ ಪತ್ರ ಇರಲೇಬೇಕು, ಅದನ್ನು ಸಭೆಯಲ್ಲಿ ಗಟ್ಟಿಯಾಗಿ ಓದಲೇಬೇಕು. ಓದುವಾಗ ನಾಲ್ಕು ಜನ ಸೆರಗಿನಲ್ಲಿ ಕಣ್ಣೊರೆಸದಿದ್ದರೆ ಬರೆದವನ ಮರ್ಯಾದೆ ಹೋದಂತೆ. ಹಾಗಾಗಿ 'ಕಡುಬಡತನದಲ್ಲಿ ಹುಟ್ಟಿ' ಎಂಬ ಸಾಲು ನನ್ನ ಕಂಪ್ಯೂಟರಿನಲ್ಲಿ ಮೊದಲೇ ಕೂತಿರುತ್ತಿತ್ತು. ಹೆಸರು ಮಾತ್ರ ಬದಲಿಸುತ್ತಿದ್ದೆ. ಒಬ್ಬ ಅಕ್ಕಿ ಮಿಲ್ಲಿನ ಧಣಿಯನ್ನೂ ಗಂಜಿಗೆ ಗತಿಯಿಲ್ಲದ ಮನೆಯಲ್ಲಿ ಹುಟ್ಟಿಸಿದ್ದೇನೆ. ಮಿಲ್ಲು ಕಟ್ಟಿಸಿದ ಅವರ ಅಪ್ಪ ಮುಂದಿನ ಸಾಲಿನಲ್ಲೇ ಕೂತಿದ್ದರು. ಅವರೂ ಕಣ್ಣೊರೆಸಿಕೊಂಡರು.

ಕುಷ್ಟನ ನಿಜವಾದ ಕಥೆ ಹೀಗಿದೆ. ಅಪ್ಪ ದೋಣಿಗೆ ಹೋಗುತ್ತಿದ್ದ, ಅಮ್ಮ ಸುಗುಣ ಬುಟ್ಟಿ ಹೊತ್ತು ಮೀನು ಮಾರುತ್ತಿದ್ದಳು. ಮನೆಗೆ ಹಂಚಿತ್ತು, ಒಲೆಯ ಮೇಲೆ ಸಾರಿತ್ತು. 1997ರಲ್ಲಿ ಲೈಸೆನ್ಸ್ ಸಿಕ್ಕಿದ ಕೂಡಲೇ ಅವನು ಸೆವ್ರಿನ್ ಬಾಯಿಯ ಮೀನಿನ ಟೆಂಪೊಗೆ ಡ್ರೈವರ್ ಆದ. ನಮ್ಮ ಓಣಿಯಲ್ಲಿ ಇರುವ ಒಂದೇ ಕ್ರಿಶ್ಚಿಯನ್ ಮನೆ ಅವರದು; ಬಾಯಿ ಎಂದರೆ ನಮ್ಮಲ್ಲಿ ಅಕ್ಕ, ಅಮ್ಮ ಎಂದಂತೆ. ಗಂಡ ತೀರಿಕೊಂಡ ಮೇಲೆ ಡ್ರೈವರ್ ಇಟ್ಟು ಟೆಂಪೊ ಓಡಿಸಿಯೇ ಸಂಸಾರ ನಡೆಸಿದ ಹೆಂಗಸು. ಮಾತು ಗಟ್ಟಿ, ಕೈ ಅದಕ್ಕಿಂತ ದೊಡ್ಡದು. ಡ್ರೈವರ್ ಉಣ್ಣದೆ ಆ ಮನೆಯಿಂದ ಟೆಂಪೊ ಹೊರಡುವ ಪದ್ಧತಿಯೇ ಇರಲಿಲ್ಲ. ಕುಷ್ಟ ಒಂದು ಹೊತ್ತಿಗೆ ಐದು ಬಂಗಡೆ ಮುಗಿಸುವುದನ್ನು ನಾನು ಪಕ್ಕದಲ್ಲೇ ಕೂತು ನೋಡಿದ್ದೇನೆ. ನೋಡಿದ್ದೇನೆ ಎಂದರೆ, ನನ್ನ ತಟ್ಟೆಯಲ್ಲೂ ಎರಡಿದ್ದವು.

ಗಂಗೊಳ್ಳಿಯಲ್ಲಿ ಮೀನು ತುಂಬಿ, ಕೊಲ್ಲೂರು ದಾಟಿ, ಘಾಟಿ ಹತ್ತಿ ಹೊಸನಗರಕ್ಕೆ ಮುಟ್ಟಿಸಬೇಕು. ಮೊದಲು ಮುಟ್ಟಿದ ಟೆಂಪೊಗೆ ರೇಟು, ಕೊನೆಗೆ ಮುಟ್ಟಿದ್ದಕ್ಕೆ ಬೆಕ್ಕು. ಐಸು ಕರಗುವುದರೊಳಗೆ ಅಷ್ಟೂ ತಿರುವುಗಳನ್ನು ಹತ್ತುವುದನ್ನು ಕುಷ್ಟ ನಾಲ್ಕು ವರ್ಷ ಕಲಿತ. ಹಿಂದೆ ಬೈಕಿನಲ್ಲಿ ಬರುವವರು ಮೈಮೇಲೆ ಮೀನಿನ ನೀರು ಹಾರಿಸಿಕೊಂಡು ಅವನ ವಂಶವನ್ನೆಲ್ಲ ಬೈಯುತ್ತಿದ್ದರು. ಒಂದು ದಿನ ಘಾಟಿಯಲ್ಲಿ ಹೊಸ ಜೀಪಿನ ಸಾಹುಕಾರರೊಬ್ಬರು ಎಷ್ಟು ಒದ್ದಾಡಿದರೂ ಆ ಟೆಂಪೊವನ್ನು ಹಿಂದೆ ಹಾಕಲಾಗಲಿಲ್ಲ. ಮೇಲೆ ತಲುಪಿದ ಮೇಲೆ ಹೊಡೆಯಲು ಇಳಿದವರು, ಹೊಡೆಯದೆ ಹೆಸರು ಕೇಳಿದರು. ಅವರಿಗೆ ರೇಸಿನ ಹುಚ್ಚಿತ್ತು. ಕುಷ್ಟನನ್ನು ಮಣ್ಣಿನ ಟ್ರ್ಯಾಕಿಗೆ ಇಳಿಸಿದರು, ಅಲ್ಲಿಂದ ಕೊಯಮತ್ತೂರು, ಚೆನ್ನೈ. 2005ರಲ್ಲಿ ಚಾಂಪಿಯನ್ ಕಪ್ ಎತ್ತಿ ಹಿಡಿದ ಫೋಟೊ ಪೇಪರಿನಲ್ಲಿ ಬಂತು.

ದುಡ್ಡು ಬಂದ ಮೇಲೂ ಕುಷ್ಟ ಕೊಡುಗೈಯವನೇ ಆಗಿ ಉಳಿದ, ಅದರಲ್ಲಿ ಸುಳ್ಳಿಲ್ಲ. ಪ್ರತಿ ಕ್ರಿಸ್ಮಸ್ಸಿಗೆ ಊರಿಗೆ ಬಂದು ಇಲ್ಲದವರಿಗೆ ಏನಾದರೂ ಹಂಚಬೇಕು ಎಂದ. ಕ್ರಿಸ್ಮಸ್ಸೇ ಯಾಕೆಂದರೆ, ಟೆಂಪೊ ಓಡಿಸುವಾಗ ಆ ಹಬ್ಬಕ್ಕೆ ಬಾಯಿ ಅವನಿಗೆ ಹೊಸ ಅಂಗಿ ಹೊಲಿಸಿ, ಹಬ್ಬದ ತಿಂಡಿ ಕುಸ್ವಾರಿನ ಡಬ್ಬಿ ತುಂಬಿ ಕಳಿಸುತ್ತಿದ್ದರು. ಇದನ್ನು ಅವನು ನನಗೆ ಹೇಳಿದ್ದ. ನಾನು ಬರೆಯಲಿಲ್ಲ. ಹೊಸ ಅಂಗಿ ತೊಟ್ಟು ಚಕ್ಕುಲಿ ತಿನ್ನುವವನನ್ನು ನೋಡಿ ಯಾರು ಅಳುತ್ತಾರೆ?

2006ರ ಡಿಸೆಂಬರಿನಲ್ಲಿ ಶಾಲೆಯ ಮೈದಾನದಲ್ಲಿ ಮೊದಲ ಕಾರ್ಯಕ್ರಮ. ಸಮಿತಿಯ ಅಧ್ಯಕ್ಷ ನಮ್ಮ ಓಣಿಯವನೇ ಆದ ಸಿಮೆಂಟ್ ಅಂಗಡಿಯ ರಾಘವೇಂದ್ರ. ಕುಷ್ಟನ ಕಾರಿಗೆ ಹೆಸರು ಅಂಟಿಸಿದ ಕಂಪನಿಯವರು ಚೆನ್ನೈಯಿಂದ ಇನ್ನೂರು ಕಂಬಳಿ ಕಳಿಸಿದ್ದರು. ನಮ್ಮ ಕಡಲ ಬದಿಯ ಸೆಕೆಯಲ್ಲಿ ಕಂಬಳಿ ಹೊದ್ದವನು ಬೆಳಗಾಗುವಾಗ ಬೆಂದಿರುತ್ತಾನೆ. ಆದರೂ ಇನ್ನೂರು ಜನ ಸಾಲಿನಲ್ಲಿ ನಿಂತು, ಬೆವರೊರೆಸುತ್ತ ತೆಗೆದುಕೊಂಡು ಹೋದರು. ನಾನು ಪತ್ರ ಓದಿದೆ: 'ಒಪ್ಪೊತ್ತಿನ ಗಂಜಿಯಲ್ಲಿ ಸ್ಟೀರಿಂಗ್ ಹಿಡಿದವರು.' ಜನ ಅತ್ತರು. ಕುಷ್ಟ ನನ್ನ ಕಿವಿಯಲ್ಲಿ, "ಎಂತ ಗೋವರ್ಧನಣ್ಣ, ನಾನ್ ಯಾವತ್ತ್ ಗಂಜಿ ಉಂಡದ್?" ಎಂದು ಕೇಳಿದ. "ಸುಮ್ನಿರ್ ಮಾರಾಯ, ಪತ್ರ ಅಂದ್ರೆ ಹಾಂಗೆಯಾ," ಎಂದೆ. ಅವನು ಸಭೆಗೆ ಕೈ ಮುಗಿದ. ಚಪ್ಪಾಳೆ ಅವನಿಗೂ ಕೇಳಿಸಿತ್ತು.

ಅಲ್ಲಿಂದ ಮುಂದೆ ಕುಷ್ಟ ಸಿರಿವಂತನಾದಷ್ಟೂ ಅವನ ಹಳೆಯ ದಿನಗಳು ಬಡವಾಗುತ್ತ ಹೋದವು. ಮರುವರ್ಷ ಪೇಪರಿನವರು ಗಂಜಿಯನ್ನು ಕಸಿದುಕೊಂಡು ಬರೀ ತಿಳಿ ಉಳಿಸಿದರು. ಅದರ ಮರುವರ್ಷ ಅವನು ಟೆಂಪೊದ ಐಸು ಚೀಪಿ ಹಸಿವು ಕಳೆದ. 2009ರಲ್ಲಿ ಅವನು ಮೂರನೆಯ ಸಲ ಚಾಂಪಿಯನ್ ಆದಾಗ, ಮೀನಿನ ಮೇಲೆ ಮಲಗಿಸಿ ಊಟ ಕೊಡದೆ ದುಡಿಸಿದ ಕಲ್ಲೆದೆಯ ಟೆಂಪೊ ಒಡತಿಯೊಬ್ಬಳು ನನ್ನ ಪತ್ರದಲ್ಲಿ ಹುಟ್ಟಿಕೊಂಡಳು. ಹೆತ್ತವಳನ್ನು ಸನ್ಮಾನ ಪತ್ರದಲ್ಲಿ ಯಾರೂ ಬೈಯುವುದಿಲ್ಲ, ಅದು ಸಂಪ್ರದಾಯ. ಹಸಿವಿಗೆ ಯಾರಾದರೂ ಕಾರಣ ಬೇಕಲ್ಲ. ಇಷ್ಟರಲ್ಲಿ ಕುಷ್ಟನೂ ಟಿವಿಯವರು ಕೇಳಿದರೆ ಹೊಟ್ಟೆ ಮುಟ್ಟಿಕೊಂಡು ಗಂಟಲು ಗದ್ಗದ ಮಾಡಿಕೊಳ್ಳುವುದನ್ನು ಕಲಿತಿದ್ದ.

2010ರ ಡಿಸೆಂಬರ್ ಮೊದಲ ವಾರ ಸೆವ್ರಿನ್ ಬಾಯಿ ನನ್ನ ಅಂಗಡಿಯ ಮೆಟ್ಟಿಲು ಹತ್ತಿದರು. ಕೂರಿ ಎಂದರೂ ಕೂರಲಿಲ್ಲ.

"ಹ್ವಾಯ್ ಗೋವರ್ಧನ, ಟೆಂಪೊ ನಿಂತ್ ಮೂರ್ ತಿಂಗ್ಳಾಯ್ತ್. ಒಬ್ಬ ಡ್ರೈವರ್ ಬತ್ತಿಲ್ಲ. ಬಂದವ್ರೆಲ್ಲ ಮೊದ್ಲ್ ಕೇಂಬುದ್ ಎಂತ ಗೊತ್ತಿತ್ತಾ? ಊಟ ಕೊಡ್ತ್ರ್ಯಾ ಅಂದೇಳಿ. ನನ್ನ ಮನಿ ಬಾಗ್ಲಲ್ಲ್ ನಿಂತ್ಕಂಡ್!"

ನಿಮಗೂ ಒಂದು ಸನ್ಮಾನ ಮಾಡಿಸುತ್ತೇನೆ ಎಂದೆ.

"ನಂಗೆ ಶಾಲು ಬ್ಯಾಡ, ಪತ್ರ ಬ್ಯಾಡ. ಅಂವ ಮೈಕಂಗೆ ಒಂದ್ ಸಲ ಹೇಳ್ಲಿ, ಬಾಯಿ ಮನ್ಯಲ್ಲ್ ಉಂಡಿದ್ದೆ ಅಂದೇಳಿ. ಅಷ್ಟ್ ಸಾಕ್. ನಂಗೊಂದ್ ಡ್ರೈವರ್ ಸಿಕ್ರೆ ಸಾಕ್."

ಆ ದಿನವೇ ಕುಷ್ಟನಿಗೆ ಫೋನ್ ಮಾಡಿದೆ. ಬಾಯಿ ಹೇಳಿದ್ದನ್ನೆಲ್ಲ ಅವನು ಪೂರ್ತಿ ಕೇಳಿಸಿಕೊಂಡ. ಆಮೇಲೆ, "ಹೇಳ್ತೆ ಅಣ್ಣ. ಈ ಸಲ ಎಲ್ಲ ಹೇಳ್ತೆ," ಎಂದ. ಅವನ ದನಿ ಟಿವಿಯಲ್ಲಿ ಬರುವ ದನಿಯಾಗಿರಲಿಲ್ಲ.

ಕ್ರಿಸ್ಮಸ್ ಕಾರ್ಯಕ್ರಮದ ದಿನ ಬಾಯಿ ಇಗರ್ಜಿಯ ಪೂಜೆಗೆ ಉಡುವ ರೇಷ್ಮೆ ಸೀರೆ ಉಟ್ಟು, ತಲೆಯೆತ್ತಿ ಬಂದು ಮುಂದಿನ ಸಾಲಿನಲ್ಲಿ ಕೂತರು. ಇತ್ತ ರಾಘವೇಂದ್ರ ತನ್ನದೇ ಒಂದು ಕೆಲಸ ಮಾಡಿಟ್ಟಿದ್ದ. ಕಂಪನಿಯವರಿಗೆ ಕ್ರಿಸ್ಮಸ್ ದಿನ ಒಬ್ಬ ಬಡ ಕ್ರಿಶ್ಚಿಯನ್ ಕಂಬಳಿ ತೆಗೆದುಕೊಳ್ಳುವ ಫೋಟೊ ಬೇಕಂತೆ. ಓಣಿಯಲ್ಲಿರುವುದು ಒಂದೇ ಮನೆಯಾದ್ದರಿಂದ ಅವನಿಗೆ ಹುಡುಕುವ ಕಷ್ಟವೂ ಇರಲಿಲ್ಲ. ಪಟ್ಟಿಯ ಮೊದಲ ಹೆಸರೇ ಸೆವ್ರಿನ್ ಬಾಯಿ, ಬಡ ವಿಧವೆ. ಪ್ರತಿ ವರ್ಷ ಅದೇ ಬಾಯಿಯ ಕುಸ್ವಾರ್ ತಿಂದು ಬೆಳೆದ ಬಾಯಿಂದಲೇ ಆ ಹೆಸರು ಕೂಗಿದ.

ಬಾಯಿ ವೇದಿಕೆ ಹತ್ತಿದರು. ಚಾಚಿದ ಕಂಬಳಿಯನ್ನು ಮುಟ್ಟಲಿಲ್ಲ. ಕುಷ್ಟನ ಮುಖ ನೋಡುತ್ತ ನಿಂತರು. ಕುಷ್ಟ ರಾಘವೇಂದ್ರನ ಕೈಯಿಂದ ಮೈಕು ಕಿತ್ತುಕೊಂಡ.

"ಕೇಣಿ ಎಲ್ರೂ. ಬಾಯಮ್ಮ ನಂಗೆ ಉಂಬೂಕೆ ಹಾಕದ ದಿನ ಇಲ್ಲ. ನಾನ್ ಹಸ್ಕಂಡಿದ್ದೆ ಅಂಬುದ್ ಸುಳ್ಳ್. ಪತ್ರದಲ್ ಬರ್ದದ್ದೂ ಸುಳ್ಳ್, ನಾನ್ ಟಿವಿಯಲ್ಲ್ ಹೇಳ್ದದ್ದೂ ಸುಳ್ಳ್!"

ಅಷ್ಟಕ್ಕೆ ನಿಲ್ಲಿಸಿದ್ದರೆ ಆಗುತ್ತಿತ್ತೋ ಏನೋ. ಅವನು ಬಗ್ಗಿ ಬಾಯಿಯ ಕಾಲು ಮುಟ್ಟಿದ.

ಆಗ ಬಿದ್ದಂಥ ಚಪ್ಪಾಳೆಯನ್ನು ನಾನು ನನ್ನ ಯಾವ ಪತ್ರಕ್ಕೂ ಕೇಳಿಲ್ಲ. ನನ್ನ ಹಿಂದೆ ಕೂತಿದ್ದ ಮೀನು ಮಾರುವ ಬಾಗಿ ಮೂಗು ಒರೆಸಿಕೊಂಡು, "ಎಷ್ಟ್ ದೊಡ್ಡ ಮನ್ಸ್ ಕಾಣಿ! ಉಪ್ವಾಸ ಹಾಕ್ದವ್ರ ಕಾಲಿಗೂ ಬಿದ್ದ!" ಎಂದಳು. ರಾಘವೇಂದ್ರ ಮೈಕು ಹಿಡಿದು, "ತನಗೆ ಅನ್ನವಿಕ್ಕದವರ ಮಾನವನ್ನೂ ಕಾಪಾಡುವ ಈ ಗುಣವೇ ಚಾಂಪಿಯನ್ ಗುಣ," ಎಂದ. ಕುಷ್ಟ "ಅಲ್ಲ ಮಾರಾಯ್ರೆ, ಖರೇ ಹೇಳ್ತಿದ್ದೆ," ಎಂದು ಕೂಗಿದ. ಕೂಗಿದಷ್ಟೂ ಚಪ್ಪಾಳೆ ಹೆಚ್ಚಾಯಿತು. ನಾಲ್ಕು ವರ್ಷ ನಾನು ಬರೆದ ಸುಳ್ಳನ್ನು ಎರಡು ಮಾತಿಲ್ಲದೆ ನಂಬಿದ ಜನ, ಅವನು ನಿಜ ಹೇಳಿದ ದಿನ ಅದನ್ನು ಅವನ ದೊಡ್ಡತನದ ಲೆಕ್ಕಕ್ಕೆ ಹಾಕಿಬಿಟ್ಟರು. ಬಾಯಿ ಬರಿಗೈಯಲ್ಲಿ ಮೆಟ್ಟಿಲಿಳಿದು ಮನೆಯ ಕಡೆ ನಡೆದರು.

ಮರುದಿನ ಪೇಪರಿನಲ್ಲಿ ಫೋಟೊ ಬಂತು: 'ಹಸಿವಿಗಿಟ್ಟ ಒಡತಿಗೂ ನಮಿಸಿದ ಚಾಂಪಿಯನ್.'

ನಾನು ಪೇಪರು ಹಿಡಿದುಕೊಂಡು ಬಾಯಿಯ ಮನೆಗೆ ಹೋದೆ. ಟೆಂಪೊ ಅಂಗಳದಲ್ಲೇ ನಿಂತಿತ್ತು. ಬಾಯಿ ಅದರ ಗಾಜು ಒರೆಸುತ್ತಿದ್ದರು.

"ಬಾಯಮ್ಮ, ಒಂದ್ ಕರಪತ್ರ ಹಾಕ್ತೆ. ಸಾವಿರ ಪ್ರತಿ. ಇದ್ದದ್ದ್ ಇದ್ದಾಂಗೆ ಬರಿತೆ. ನಂದೇ ಖರ್ಚ್."

"ಬ್ಯಾಡ ಮಾರಾಯ. ನಾನೇ ದುಡ್ಡ್ ಕೊಟ್ಟ್ ಬರ್ಸಿದ್ದ್ ಅಂತ್ರ್."

"ಹಾಂಗಾರೆ ನಾನೆಂತ ಮಾಡ್ಲಿ, ಹೇಳಿ?"

ಬಾಯಿ ಒರೆಸುವುದನ್ನು ನಿಲ್ಲಿಸಿ ನನ್ನ ಕಡೆ ತಿರುಗಿದರು.

"ನಿಂಗೆ ಟೆಂಪೊ ಬಿಡೂಕೆ ಬತ್ತಾ?"

"ಇಲ್ಲ ಬಾಯಮ್ಮ. ನಂಗೆ ಬರಿಯೂಕ್ ಮಾತ್ರ ಬಪ್ಪುದ್."

"ಗೊತ್ತಿತ್ತ್," ಎಂದು ಬಾಯಿ ಮತ್ತೆ ಗಾಜು ಒರೆಸತೊಡಗಿದರು.