ಟಗರಿನ ಹೆಸರಲ್ಲಿ ನೆಗ್ಗಿಲ ಕಷಾಯ

ಕಾಟಯ್ಯನಿಗೆ ಈ ಲೋಕದಲ್ಲಿ ಕಂಡರಾಗದ್ದು ಎರಡು: ನೆಗ್ಗಿಲು ಮುಳ್ಳು, ಮತ್ತು ಅಕ್ಕನ ಗಂಡ ಗೋವಿಂದಯ್ಯ. ಎಪ್ಪತ್ತನಾಲ್ಕರ ಮುಂಗಾರಿನಲ್ಲಿ ಈ ಎರಡೂ ಒಂದೇ ಕಡೆ ಸೇರಿದವು. ಗೋವಿಂದಯ್ಯ ತನ್ನ ಕೆಂಪು ಹೊಲಕ್ಕೆ ಜೋಳ ಬಿಟ್ಟು ನೆಗ್ಗಿಲು ಬಿತ್ತಿದ.

ನೆಗ್ಗಿಲು ಎಂದರೇನೆಂದು ತಿಳಿಯದವರು ತುರುವನೂರಿನ ಸುತ್ತ ಬರಿಗಾಲಲ್ಲಿ ಒಂದಿಷ್ಟು ದೂರ ನಡೆದರೆ ಸಾಕು. ನೆಲಕ್ಕೆ ಅಂಟಿ ಹರಡುವ ಬಳ್ಳಿ, ಚೆಂದದ ಹಳದಿ ಹೂ, ಹೂ ಉದುರಿದ ಮೇಲೆ ಕಡಲೆ ಗಾತ್ರದ ಕಾಯಿ. ಆ ಕಾಯಿ ಹೇಗೆ ಬಿದ್ದರೂ ಒಂದು ಮುಳ್ಳು ಮೇಲಕ್ಕೇ ನಿಲ್ಲುತ್ತದೆ. ಮಳೆಯಿಲ್ಲದೆ ಹುಲ್ಲು ಸತ್ತರೂ ಇದಕ್ಕೆ ಸಾವಿಲ್ಲ. ಗೊರಸಿನ ಸಂದಿಗೆ ಹೊಕ್ಕರೆ ಕುರಿ ಕುಂಟುತ್ತದೆ, ಕಾಲು ಕೀವಾಗುತ್ತದೆ. ಮಂದೆ ಕಾಯುವ ಕಾಟಯ್ಯನ ಅರ್ಧ ಆಯುಸ್ಸು ಕುರಿಗಾಲನ್ನು ತೊಡೆಯ ಮೇಲಿಟ್ಟುಕೊಂಡು ಇದನ್ನು ಕೀಳುವುದರಲ್ಲೇ ಸವೆದಿತ್ತು. ಅಂಥದ್ದನ್ನು ಮನುಷ್ಯ ಅನ್ನಿಸಿಕೊಂಡವನು ಬಿತ್ತುವುದೇ?

ದುರ್ಗದಲ್ಲಿ ನಾರುಬೇರು ಮಾರುವ ಗ್ರಂಧಿಗೆ ಅಂಗಡಿಯವನು ಮೂತ್ರದ ಕಲ್ಲಿಗೆ ಇದಕ್ಕಿಂತ ಒಳ್ಳೇ ಮದ್ದಿಲ್ಲ, ಎಷ್ಟು ತಂದರೂ ತೆಗೆದುಕೊಳ್ಳುತ್ತೇನೆ ಅಂದಿದ್ದನಂತೆ. ಗೋವಿಂದಯ್ಯ ಕಾಯಿ ಕುಟ್ಟಿ ಮುಳ್ಳು ಮುರಿದ, ನೆನೆಹಾಕಿದ, ಸಾಲು ಹಿಡಿದು ಊರಿದ. ಬೆಳೆ ಗೊಬ್ಬರ ಬೇಡಲಿಲ್ಲ, ನೀರು ಬೇಡಲಿಲ್ಲ, ಹೊಲವೆಲ್ಲ ಹಳದಿಯಾಯಿತು. ಕಾಯಿ ಒಣಗಿದ ಮೇಲೆ ಗಂಡ ಹೆಂಡತಿ ಹಳೇ ಗೋಣಿತಟ್ಟನ್ನು ಹೊಲದ ಮೇಲೆ ಎಳೆಯುತ್ತಾ ತಿರುಗಿದರು. ಕಾಯೆಲ್ಲ ತಟ್ಟಿಗೆ ಕಚ್ಚಿಕೊಂಡು ಬಂತು.

ಕಾಟಯ್ಯ ಬದುವಿನ ಮೇಲೆ ನಿಂತು ಇದನ್ನು ನೋಡಿ ಉಗುಳಿದ. "ನೇಗಿಲು ಹಿಡಿಯಾಕೆ ಬರ್ದೋನು ನೆಗ್ಗಿಲು ಹಿಡ್ದ" ಎಂದ. ಈ ಮಾತು ಅವನಿಗೇ ಎಷ್ಟು ಹಿಡಿಸಿತೆಂದರೆ, ಮಂದೆ ಹೊಡೆದುಕೊಂಡು ಹೋದ ಊರಿಗೆಲ್ಲ ಹೇಳಿಕೊಂಡು ತಿರುಗಿದ. ವರ್ಷಾವರ್ಷ ಭಾವನ ಹೊಲದಲ್ಲಿ ಗೊಬ್ಬರಕ್ಕೆಂದು ಮಂದೆ ನಿಲ್ಲಿಸುತ್ತಿದ್ದವನು ಅದನ್ನೂ ಬಿಟ್ಟ. ಒಂದು ಸಂಜೆ ಅರಳಿಕಟ್ಟೆಯ ಮೇಲೆ, ಗೋವಿಂದಯ್ಯ ಎದುರಿಗೇ ಕೂತಿರುವಾಗ, ಊರವರಿಗೆಲ್ಲ ಕೇಳುವಂತೆ ಹೇಳಿದ: "ಆ ಮುಳ್ಳಿನ ನೀರು ನನ್ನ ಗಂಟ್ಲಾಗೆ ಇಳಿದ ದಿನ ಕುರಿ ಮಾರಿ ಕೋಳಿ ಸಾಕ್ತೀನಿ." ಕುರಿಯವನಿಗೆ ಅದಕ್ಕಿಂತ ಹೀನಾಯವಿಲ್ಲ. ಗೋವಿಂದಯ್ಯ ಬೀಡಿ ಹಚ್ಚಿದನೇ ಹೊರತು ಬಾಯಿ ಬಿಡಲಿಲ್ಲ. ಅದು ಅವನ ಹೇಡಿತನವೆಂದು ಕಾಟಯ್ಯ ತಿಳಿದ.

ಮುಂದಿನ ಬೇಸಿಗೆಗೆ ಕಾಟಯ್ಯನ ಸೊಂಟದಲ್ಲಿ ಕಲ್ಲು ಕೂತಿತು. ನೋವು ಬೆನ್ನಿನಿಂದ ತೊಡೆಸಂದಿಗೆ ಇಳಿಯುತ್ತಿತ್ತು. ಉಚ್ಚೆ ಹನಿಹನಿಯಾಗಿ, ಉರಿಯುತ್ತಾ ಬರುತ್ತಿತ್ತು. ಹೆಂಡತಿ ಪಾಲಮ್ಮ ಅಕ್ಕನ ಮನೆಗೆ ಹೋಗು ಅಂದದ್ದಕ್ಕೆ ಅವಳ ವಂಶವನ್ನೆಲ್ಲ ಬೈದ. ನೆಲದ ಮೇಲೆ ಹೊರಳಾಡುತ್ತಲೇ ಬೈದ. ಆದರೆ ನೋವಿಗೆ ಯಾರ ಮಾನದ ಹಂಗಿದೆ? ಕೊನೆಗೊಂದು ಉಪಾಯ ಹೊಳೆಯಿತು. ಟಗರಿಗೂ ಮೂತ್ರ ಕಟ್ಟುವುದುಂಟು. ಟಗರಿಗೆಂದು ಕೇಳಿದರೆ ಮಾತಿಗೆ ಮುಕ್ಕಾಗುವುದಿಲ್ಲ.

ಚೊಂಬು ಹಿಡಿದು ಹೋಗಿ ಅಕ್ಕ ಗಂಗಕ್ಕನ ಬಾಗಿಲಲ್ಲಿ ನಿಂತು, ಟಗರಿಗೆ ಉಚ್ಚೆ ಕಟ್ಟಿದೆ, ಕಷಾಯ ಕೊಡು ಎಂದ. ಗಂಗಕ್ಕ ತಮ್ಮನ ಬೆವರಿದ ಮುಖ ನೋಡಿದಳು, ಸೊಂಟಕ್ಕೆ ಒತ್ತಿ ಹಿಡಿದ ಕೈ ನೋಡಿದಳು.

"ಚೊಂಬು ಯಾಕಪ್ಪ? ಟಗರು ಹಿಡ್ಕಂಡು ಬಾ. ನಾನೇ ಗೊಟ್ಟದಾಗೆ ಹಾಕ್ತೀನಿ."

ದನಕರುಗಳ ಗಂಟಲಿಗೆ ಔಷಧ ಸುರಿಯುವ ಬಿದಿರಿನ ಗೊಟ್ಟ ಸೂರಿನಲ್ಲಿ ಸಿಕ್ಕಿಸಿತ್ತು. ಕಾಟಯ್ಯ ಡೊಂಕಾಗಿ ಬಗ್ಗಿಕೊಂಡು ವಾಪಸು ನಡೆದ, ಮಂದೆಯಲ್ಲೇ ಗಟ್ಟಿಯಾದ ಟಗರನ್ನು ಎಳೆದು ತಂದ. ಅಂಗಳಕ್ಕೆ ಬಂದದ್ದೇ ತಡ, ಅದು ಧಾರಾಳವಾಗಿ ಉಚ್ಚೆ ಹೊಯ್ಯಿತು. ಗಂಗಕ್ಕ ಕಂಡೂ ಕಾಣದವಳ ಹಾಗೆ ಟಗರಿನ ಬಾಯಿ ಅಗಲಿಸಿ ಗೊಟ್ಟದ ಮೇಲೆ ಗೊಟ್ಟ ಸುರಿದಳು. ಯಾವ ರೋಗವೂ ಇಲ್ಲದ ಆ ಪಶುವಿನ ಹೊಟ್ಟೆಗೆ ಕಷಾಯ ಗಟಗಟ ಇಳಿಯುವುದನ್ನು ಕಾಟಯ್ಯ ಎಂಜಲು ನುಂಗಿಕೊಂಡು ನೋಡುತ್ತಿದ್ದ.

"ಟಗರಿಂದು ಆತು. ಮಡಿಕೆ ತಳದಾಗೆ ಒಂದೀಟು ಉಳ್ದೈತೆ. ಚೆಲ್ಲಾನ?"

ಕಾಟಯ್ಯ ಆಕಡೆ ಈಕಡೆ ನೋಡಿದ. ಜಗಲಿಯ ಮೇಲೆ ಗೋವಿಂದಯ್ಯ ಬೀಡಿ ಸೇದುತ್ತಾ ಕೂತಿದ್ದ.

"ಚೆಲ್ಬ್ಯಾಡ ಅಕ್ಕ. ಉಚ್ಚೆ ಕಟ್ಟಿರೋದು ನಂಗೇ."

ಗಂಗಕ್ಕ ಲೋಟ ಹುಡುಕಲು ಹೋಗಲಿಲ್ಲ. ಅದೇ ಗೊಟ್ಟವನ್ನು ತೊಳೆದು, ತುಂಬಿ, ತಮ್ಮನ ಬಾಯಿಗೆ ಹಿಡಿದಳು. ಕಷಾಯ ಒಗರಾಗಿತ್ತು. ಕಾಟಯ್ಯ ಕಣ್ಣು ಮುಚ್ಚಿ ನುಂಗಿದ.

ಆಗ ಗೋವಿಂದಯ್ಯ, ಒಂದು ವರ್ಷದಿಂದ ಒಂದು ಮಾತಿಗೂ ಎದುರಾಡದಿದ್ದವನು, ಬೀಡಿ ಕೆಳಗಿಟ್ಟು ಬಲು ಮರ್ಯಾದೆಯಿಂದ ಕೇಳಿದ: "ಕಾಟಯ್ಯ, ನಮ್ಮ ಕರೇ ಹ್ಯಾಟೆ ಕೋಳಿ ಮೊಟ್ಟೆ ಇಡ್ತೈತೆ. ಹೋಗ್ವಾಗ ಕಾಲು ಕಟ್ಟಿ ಕೊಡ್ಲೇನಪ್ಪ?"

ಕಾಟಯ್ಯ ಇನ್ನೊಂದು ಗೊಟ್ಟಕ್ಕೆ ಬಾಯಿ ತೆರೆದ.