ಅಪ್ಪನ ಪಾಳಿ

ಆ ಟಿಕ್ ಟಿಕ್ ಸದ್ದು ಕೇಳಿದರೆ ಈಗಲೂ ನನ್ನ ಮೈ ಉರಿಯುತ್ತದೆ. ಮೊನ್ನೆ ಪಣಜಿಯಿಂದ ಮಡಗಾವಿಗೆ ಹೋಗುವ ಬಸ್ಸಿನಲ್ಲಿ ನನ್ನ ಹಿಂದಿನ ಸೀಟಿನವರು ಯಾರೋ ಮೊಬೈಲಿನಲ್ಲಿ ಹಳೆಯ ಕ್ವಿಜ್ ಕಾರ್ಯಕ್ರಮವೊಂದನ್ನು ಹಾಕಿಕೊಂಡಿದ್ದರು. ಪ್ರಶ್ನೆ ಕೇಳಿದ್ದಾಯಿತು, ನಾಲ್ಕು ಉತ್ತರ ಓದಿದ್ದಾಯಿತು, ಆಮೇಲೆ ಶುರುವಾಯಿತು ನೋಡಿ ಆ ಗಡಿಯಾರ. ಬಸ್ಸು ಆಗಷ್ಟೇ ಸೇತುವೆ ದಾಟಿ ಕೊರ್ತಾಲಿಮ್ ಕಡೆ ಇಳಿಯುತ್ತಿತ್ತು. ಉತ್ತರ ಹೇಳಬೇಕಾದವನು ಉಗುಳು ನುಂಗುತ್ತ ಕೂತಿರುವುದು ನನಗೆ ನೋಡದೆಯೇ ಕಾಣುತ್ತಿತ್ತು. ತಡೆಯಲಾಗಲಿಲ್ಲ. ಹಿಂದೆ ತಿರುಗಿ, "ಬಂದ್ ಮಾಡ್ರಿ ಅದನ್ನ. ಆ ಮನಶ್ಯಾ ವಿಚಾರ ಮಾಡಾಕತ್ತಾನ, ಒಂದೀಟು ಪುರುಸೊತ್ತು ಕೊಡ್ರಿ ಅವಂಗ" ಎಂದುಬಿಟ್ಟೆ. ಅವರಿಗೆ ಕನ್ನಡ ಬರುತ್ತಿರಲಿಲ್ಲ. ಆದರೂ ಬಂದ್ ಮಾಡಿದರು. ನನ್ನ ಮುಖ ಹಾಗಿತ್ತೋ ಏನೋ.

ನಿಮ್ಮ ಮನೆಯಲ್ಲೂ ಅಂಥದೊಂದು ಟೀವಿ ಇದ್ದಿರಬೇಕು. ಹಿಂದೆ ಡುಬ್ಬವಿದ್ದದ್ದು, ಹಚ್ಚಿದ ಸ್ವಲ್ಪ ಹೊತ್ತಿಗೆ ಬಿಸಿಯಾಗಿ ಧೂಳು ಸುಟ್ಟ ವಾಸನೆ ಬಿಡುತ್ತಿದ್ದದ್ದು. ನಮ್ಮದು ತಗಡಿನ ಟ್ರಂಕಿನ ಮೇಲೆ ಕೂತಿತ್ತು. ಹಬ್ಬಕ್ಕೆ ಅವ್ವ ಒಳ್ಳೆಯ ಸೀರೆ ತೆಗೆಯಬೇಕಾದರೆ ಮೊದಲು ಟೀವಿಯನ್ನು ಇಳಿಸಬೇಕು. ಕೊರ್ತಾಲಿಮಿನಲ್ಲಿ ದೊಡ್ಡ ರಸ್ತೆ ಬಿಟ್ಟು ಗುಡ್ಡದ ಕಡೆ ಹತ್ತಿದರೆ ಬಾಡಿಗೆಯ ಖೋಲಿಗಳ ಒಂದು ಸಾಲು ಇತ್ತು, ಒಂದೊಂದು ಕೋಣೆಯ ಮನೆಗಳು, ಅದರಲ್ಲೊಂದು ನಮ್ಮದು. ಅಲ್ಲಿ ಇದ್ದವರೆಲ್ಲ ವಿಜಾಪುರ, ಬಾಗಲಕೋಟೆ ಕಡೆಯಿಂದ ದುಡಿಯಲು ಬಂದವರು. ಸಂಜೆಯಾದರೆ ಸಾಲಿಗೆ ಸಾಲೇ ರೊಟ್ಟಿ ಬಡಿಯುವ ಸದ್ದು, ಹುರಿದ ಶೇಂಗಾದ ವಾಸನೆ, ಪಕ್ಕದ ಗೋವಾದವರ ಮನೆಯಿಂದ ಒಣಮೀನು ಸುಡುವ ವಾಸನೆ. ಅವೆರಡೂ ಬೆರೆತರೆ ಏನಾಗುತ್ತದೆಂದು ನನಗೆ ಕೇಳಿ, ಅದೇ ನನ್ನ ಬಾಲ್ಯ. ಅಪ್ಪ ಗೌಂಡಿ, ಗೋಡೆ ಕಟ್ಟುವ ಕೆಲಸ. ಅವನ ಅಂಗಿಗೆ ಒಗೆದರೂ ಹೋಗದ ಸಿಮೆಂಟಿನ ವಾಸನೆಯಿತ್ತು. ಕೈಕಾಲು ತೊಳೆದು, ಗೋಡೆಗೆ ಬೆನ್ನು ಕೊಟ್ಟು, ತಾಟು ಮುಂದಿಟ್ಟುಕೊಂಡು ಅವನು ಕೂತನೆಂದರೆ ಕ್ವಿಜ್ ಶುರುವಾಗುವ ಹೊತ್ತಾಯಿತೆಂದೇ ಅರ್ಥ.

ಅಪ್ಪನಿಗೆ ಬಂದ ಉತ್ತರ ಬಹಳ ಕಡಿಮೆ, ಆದರೆ ಅವನಷ್ಟು ಜೋರಾಗಿ ಉತ್ತರ ಹೇಳುವವರನ್ನು ನಾನು ಇನ್ನೂ ಕಂಡಿಲ್ಲ. ಕಾರ್ಯಕ್ರಮ ಹಿಂದಿಯಲ್ಲಿ. ನಾನೂ ತಮ್ಮ ಬಸುವೂ ಗೋವಾದ ಶಾಲೆಗೆ ಹೋಗುತ್ತಿದ್ದವರು, ಅವ್ವನಿಗೆ ಕನ್ನಡದಲ್ಲಿ ಹೇಳುತ್ತಿದ್ದೆವು. ದಕ್ಷಿಣದ ಅತಿ ಉದ್ದದ ನದಿ ಯಾವುದು ಎಂದು ಕೇಳಿದರೆ ಅಪ್ಪ, "ಡೋಣಿ!" ಎನ್ನುತ್ತಿದ್ದ. ನದಿಯ ಮಾತು ಯಾವಾಗ ಬಂದರೂ ಡೋಣಿಯೇ, ನಮ್ಮ ಊರಿನ ಹೊಳೆ ಅದು. ಟೀವಿಯವರು ಗೋದಾವರಿ ಎಂದರೆ ಅವನೇನೂ ಸೋಲುತ್ತಿರಲಿಲ್ಲ. "ಉದ್ದ ಇರಬಹುದಪ್ಪ. ಹೊಳಿ ಅಂದ್ರ ಉದ್ದ ಒಂದ ಏನ?" ಎಂದು ರೊಟ್ಟಿ ಮುರಿಯುತ್ತಿದ್ದ. ಅವ್ವನದು ಇನ್ನೊಂದು ಥರ. ಪ್ರಶ್ನೆ ಏನೇ ಇರಲಿ, "ಎರಡನೇದ್ದು" ಎನ್ನುವಳು. ಮೊದಲನೆಯದರಲ್ಲಿ ಯಾವಾಗಲೂ ಮೋಸ ಇರುತ್ತದೆ ಎಂಬುದು ಅವಳ ಲೆಕ್ಕ. ಹಾಳಾದ್ದು, ಎಷ್ಟೋ ಸಲ ಸರಿಯೂ ಆಗುತ್ತಿತ್ತು. ಆಗ ಅವಳ ಮೆರೆದಾಟ ನೋಡಬೇಕು. ಆದರೆ ಬಸು ಇದ್ದನಲ್ಲ, ಅವನು ಯಾರಿಗೂ ಬಾಯಿ ತೆರೆಯಲು ಬಿಡುತ್ತಿರಲಿಲ್ಲ. ಪ್ರಶ್ನೆ ಮುಗಿಯುವ ಮೊದಲೇ ಒದರುತ್ತಿದ್ದ. ಅದಕ್ಕೇ ದಿನಾ ಜಗಳ. ಒಂದು ಸಂಜೆ ಅವ್ವ ಲಟ್ಟಣಿಗೆ ಎತ್ತಿ ತೀರ್ಪು ಕೊಟ್ಟಳು: "ನಳದಾಗ ನೀರಿಗೆ ಪಾಳಿ ಐತಿ, ಇಲ್ಲ್ಯಾಕಿಲ್ಲ? ಇನ್ನ ಮುಂದ ಪಾಳಿ ಪ್ರಕಾರ."

ಖೋಲಿಗಳ ಸಾಲಿಗೆಲ್ಲ ಒಂದೇ ನಳ, ಅಲ್ಲಿ ಕೊಡಗಳ ಸಾಲು. ಒಬ್ಬರ ಕೊಡವನ್ನು ಇನ್ನೊಬ್ಬರು ಸರಿಸಿದರೆ ರಣರಂಗ. ಅದೇ ಕಾಯಿದೆ ಟೀವಿಯ ಮುಂದೆಯೂ ಬಂತು. ಮೊದಲು ಅಪ್ಪ, ಆಮೇಲೆ ಅವ್ವ, ಆಮೇಲೆ ನಾನು, ಕೊನೆಗೆ ಬಸು. ನಿನ್ನ ಪಾಳಿಯಲ್ಲಿ ಬಂದ ಪ್ರಶ್ನೆ ನಿನ್ನದು. ಗೊತ್ತಿರಲಿ, ಗೊತ್ತಿಲ್ಲದಿರಲಿ, ಬೇರೆಯವರು ಬಾಯಿ ಹಾಕುವಂತಿಲ್ಲ. ಗೊತ್ತಿದ್ದವರು ನುಂಗಿಕೊಂಡು ಕೂರಬೇಕು. ಬಸು ಗಲ್ಲ ಉಬ್ಬಿಸಿಕೊಂಡು ಒದ್ದಾಡುವುದನ್ನು ನೋಡುವುದೇ ಕ್ವಿಜ್‌ಗಿಂತ ಚಂದವಾಗಿತ್ತು.

ಒಂದು ಮಳೆಗಾಲದ ಮುಂಜಾನೆ ಕೆಲಸಕ್ಕೆಂದು ಬುತ್ತಿ ಹಿಡಿದು ಹೊರಟ ಅಪ್ಪ ಹೊಸ್ತಿಲಲ್ಲೇ ಕುಸಿದು ಕೂತ. ಲಕ್ವಾ ಹೊಡೆದಿತ್ತು. ದವಾಖಾನೆಯಿಂದ ಮನೆಗೆ ಬಂದಾಗ ಬಲಗೈ, ಬಲಗಾಲು ಅವನ ಮಾತು ಕೇಳುತ್ತಿರಲಿಲ್ಲ. ಮಾತೂ ಹೋಗಿತ್ತು. ಉಳಿದದ್ದು ಒಂದೇ ಒಂದು: "ತಡಿ." ಗೋಡೆ ಕಟ್ಟುವಾಗ ಕೆಳಗೆ ಸಿಮೆಂಟಿನ ಬುಟ್ಟಿ ಹೊತ್ತು ನಿಂತವರಿಗೆ ದಿನವೆಲ್ಲ ಹೇಳುತ್ತಿದ್ದ ಮಾತು ಅದು. ನೀರು ಬೇಕಾದರೂ ತಡಿ, ಬೇಡವಾದರೂ ತಡಿ, ನಗು ಬಂದರೂ ತಡಿ. ಡಾಕ್ಟರು ಮಿದುಳಿನ ಬಗ್ಗೆ ಏನೇನೋ ಹೇಳಿದರು. ಅವ್ವ ಕೇಳಿಸಿಕೊಂಡು ಬಂದು ನಮಗೆ ತನ್ನ ಮಾತಿನಲ್ಲಿ ಹೇಳಿದಳು: "ಎಲ್ಲಾ ತಿಳೀತೈತಿ ಅವರಿಗೆ. ಹೇಳಾಕಷ್ಟ ಬರೂದಿಲ್ಲ. ಇಷ್ಟ ತಲ್ಯಾಗಿಟ್ಟುಕೋರಿ."

ಎಷ್ಟೋ ದಿನ ಯಾರೂ ಟೀವಿ ಹಚ್ಚಲಿಲ್ಲ. ಕಡೆಗೆ ಅವ್ವನೇ ಹಚ್ಚಿದಳು. ಅಪ್ಪನನ್ನು ಎಬ್ಬಿಸಿ, ಬೆನ್ನಿಗೆ ಹಾಸಿಗೆ ಸುರುಳಿ ಕೊಟ್ಟು ಅದೇ ಗೋಡೆಗೆ ಕೂರಿಸಿದಳು. ಮೊದಲ ಪ್ರಶ್ನೆ ಬಂತು. ನಾನೂ ಬಸುವೂ ಮುಖ ಮುಖ ನೋಡಿಕೊಂಡೆವು.

"ಮದಲನೇ ಪಾಳಿ ಯಾರದು?" ಎಂದಳು ಅವ್ವ.

"ಅಪ್ಪಂದು" ಎಂದ ಬಸು, ಕೇಳಿಸಿತೋ ಇಲ್ಲವೋ ಎಂಬಂತೆ.

"ಮತ್ತ? ಸುಮ್ಮಕ ಕುಂದರ್ರಿ."

ಗಡಿಯಾರ ಟಿಕ್ ಟಿಕ್ ಎನ್ನತೊಡಗಿತು. ಅಪ್ಪನ ತುಟಿ ಅಲುಗುತ್ತಿತ್ತು, ಎಡಗೈಯ ಬೆರಳು ಚಾಪೆಯ ಮೇಲೆ ಏನೋ ಗೀಚುತ್ತಿತ್ತು. ಅವ್ವ ಎದ್ದವಳೇ ಟೀವಿಯ ಸ್ವಿಚ್ ಆರಿಸಿಬಿಟ್ಟಳು. ಕಪ್ಪಾದ ಗಾಜು ಚಟಚಟ ಅಂದಿತು, ಅದರಲ್ಲಿ ನಾವು ನಾಲ್ವರೂ ಕಂಡೆವು. "ಇವರು ವಿಚಾರ ಮಾಡಾಕತ್ತಾರ" ಎಂದು ಅವ್ವ ತನ್ನ ಜಾಗಕ್ಕೆ ಬಂದು ಕೂತಳು. ಹೊರಗೆ ಮಳೆ ತಗಡಿನ ಮೇಲೆ ಸುರಿಯುತ್ತಿತ್ತು. ನಾವು ಕಾದೆವು. ಬಹಳ ಹೊತ್ತಿನ ಮೇಲೆ ಅಪ್ಪ, "ತಡಿ" ಎಂದ. ಅವ್ವ ತಲೆಯಾಡಿಸಿದಳು. "ಆತು. ಹಚ್ಚ ಇನ್ನ." ಹಚ್ಚುವಷ್ಟರಲ್ಲಿ ಟೀವಿಯೊಳಗಿನ ಕುರ್ಚಿಯಲ್ಲಿ ಬೇರೆಯೇ ಮನುಷ್ಯ ಬಂದು ಕೂತಿದ್ದ.

ಅದೇ ನಮ್ಮ ಮನೆಯ ಪದ್ಧತಿಯಾಯಿತು. ಟೀವಿಯವರ ಗಡಿಯಾರ ಟೀವಿಯೊಳಗೆ, ನಮ್ಮ ಖೋಲಿಯಲ್ಲಿ ಅದರ ಆಟ ನಡೆಯುತ್ತಿರಲಿಲ್ಲ. ಅಪ್ಪನ ಪಾಳಿ ಬಂದರೆ ಸ್ವಿಚ್ ಬಂದ್. ಬಸುವಿಗೆ ಜೀವ ಹೋದಂತಾಗುತ್ತಿತ್ತು. "ಅವ್ವಾ, ಕೋಟಿ ರೂಪಾಯಿ ಪ್ರಶ್ನಿ ಹೋತಲ್ಲ!" ಎಂದು ಹಣೆ ಬಡಿದುಕೊಳ್ಳುತ್ತಿದ್ದ. "ಹೋಗಲಿ ಬಿಡ. ನಮ್ಮ ಮನೀಗೇನು ಬರಾಕತ್ತಿತ್ತೇನು?" ಎನ್ನುತ್ತಿದ್ದಳು ಅವ್ವ. ಅಪ್ಪ ಹೊಟ್ಟೆ ಅಲುಗಿಸಿ ನಗುತ್ತಿದ್ದ. ನಗು ಸರಿಯಾದ ಜಾಗದಲ್ಲೇ ಬರುತ್ತಿತ್ತು, ಅದನ್ನು ನೋಡುವ ವ್ಯವಧಾನ ನೋಡಲು ಬಂದವರಿಗೆ ಇರುತ್ತಿರಲಿಲ್ಲ. ಅವರು ಬಾಗಿಲಲ್ಲಿ ನಿಂತು ಕಿವುಡನ ಹತ್ತಿರ ಕೂಗಿದಂತೆ "ಹ್ಯಾಂಗದೀಪಾ?" ಎಂದು ಕೂಗಿ, ಉತ್ತರಕ್ಕೆ ಕಾಯದೆ ಅವ್ವನ ಕಡೆ ತಿರುಗಿ, "ಗುರುತು ಹಿಡೀತಾನೇನ?" ಎಂದು ಕೇಳುತ್ತಿದ್ದರು. ನಾನು ಚಿಕ್ಕವಳು, ಇಲ್ಲದಿದ್ದರೆ ಒಬ್ಬೊಬ್ಬರಿಗೂ ಸರಿಯಾಗಿ ಬಿಸಿ ಮುಟ್ಟಿಸುತ್ತಿದ್ದೆ. ಈಗಲೂ ಆ ಸಿಟ್ಟು ಇಳಿದಿಲ್ಲ, ಇಳಿಯುವುದೂ ಬೇಡ.

ಬೇಸಿಗೆಯ ಹೊತ್ತಿಗೆ ಊರಿಂದ ದೊಡ್ಡಪ್ಪ ಬಂದ. ಅಪ್ಪನ ಅಣ್ಣ, ಒಳ್ಳೆಯ ಮನುಷ್ಯ. ಹೆಗಲ ಮೇಲೆ ಶೇಂಗಾದ ಚೀಲ ಹೊತ್ತು ಬಂದವನು ಅಪ್ಪನ ಪಾದ ಹಿಡಿದುಕೊಂಡು ಸಣ್ಣ ಮಗುವಿನ ಹಾಗೆ ಅತ್ತ. ಅತ್ತು ಮುಗಿದ ಮೇಲೆ ಬಂದ ಕೆಲಸ ಹೇಳಿದ. ಅಪ್ಪನನ್ನು ಊರಿಗೆ ಕರೆದುಕೊಂಡು ಹೋಗುತ್ತೇನೆ, ನೀವು ಮೂವರೂ ಇಲ್ಲೇ ಇದ್ದು ದುಡಿದುಕೊಳ್ಳಿ ಎಂದ. "ನೀ ಪಣಜಿಗೆ ಹೋಟೆಲ್‌ದಾಗ ಭಾಂಡೆ ತಿಕ್ಕಾಕ ಹೋದ್ರ ಇವನ್ನ ನೋಡೋರ್ಯಾರು, ತಂಗೀ? ಅಲ್ಲಾದ್ರ ಮನಿ ತುಂಬ ಮಂದಿ ಅದಾರ. ಇಲ್ಲಿ ನಿಮ್ಮದಂತ ಏನೈತಿ? ಬಾಡಿಗಿ ಖೋಲಿ." ಅವನು ಹೇಳಿದ್ದರಲ್ಲಿ ತಪ್ಪೇನಿತ್ತು ಹೇಳಿ? ಅವ್ವ ಭಾವನ ಎದುರು ತಲೆಯ ಮೇಲೆ ಸೆರಗು ಎಳೆದುಕೊಂಡು ರೊಟ್ಟಿ ಬಡಿಯುತ್ತಲೇ ಇದ್ದಳು. ಮಾತೆಲ್ಲ ಅಪ್ಪನ ತಲೆಯ ಮೇಲಿಂದ ಹಾದುಹೋಗುತ್ತಿತ್ತು, ನಡುವೆ ಒಂದು ಕಂಬವಿದ್ದಂತೆ. ಅಪ್ಪ ಹೋಗಿಬಿಡುತ್ತಾನೆ ಎಂದು ನಾನು ತಾಟು ಹಿಡಿದು ಅವನ ಮಗ್ಗುಲಿಗೆ ಹೋಗಿ ಕೂತೆ.

ಆ ಸಂಜೆಯೂ ಕ್ವಿಜ್ ಹಚ್ಚಿದೆವು. ಸುತ್ತಲೂ ಬಳೆಯಿರುವ ಗ್ರಹ ಯಾವುದು ಎಂಬ ಪ್ರಶ್ನೆ ಅಪ್ಪನ ಪಾಳಿಗೆ ಬಂತು. ದೊಡ್ಡಪ್ಪನಿಗೆ ಹಿಂದಿ ಅಷ್ಟಿಷ್ಟು ತಿಳಿಯುತ್ತಿತ್ತು. "ಶನಿ! ಶನಿ!" ಎಂದು ಕುಣಿದೇಬಿಟ್ಟ. ಸರಿಯಾದ ಉತ್ತರವೇ. ಅವ್ವ ಎದ್ದು ಟೀವಿ ಆರಿಸಿದಳು. "ಪಾಳಿ ನಿಮ್ಮದಲ್ರಿ ಭಾವಾರ" ಎಂದಳು, ಸೆರಗಿನೊಳಗಿಂದಲೇ. ದೊಡ್ಡಪ್ಪ ತಬ್ಬಿಬ್ಬಾಗಿ ನಮ್ಮನ್ನೆಲ್ಲ ನೋಡಿದ. ಅಪ್ಪ "ತಡಿ" ಎನ್ನುವ ತನಕ ಅವನೂ ಕತ್ತಲು ಗಾಜಿನ ಎದುರು ಕೈಕಟ್ಟಿ ಕೂರಬೇಕಾಯಿತು.

ಮುಂಜಾನೆ ಅವ್ವ ನೀರು ತರಲು ಹೋದಾಗ ದೊಡ್ಡಪ್ಪ ಅಪ್ಪನ ಅರಿವೆಗಳನ್ನೆಲ್ಲ ತನ್ನ ಚೀಲಕ್ಕೆ ತುಂಬಿ ಜಿಪ್ ಎಳೆದಿಟ್ಟ. ಬಸ್ಸಿನ ಹೊತ್ತಾಗಿತ್ತು. ಕೊಡ ಹೊತ್ತು ಬಂದ ಅವ್ವ ಚೀಲ ನೋಡಿದಳು. ಕೊಡ ಇಳಿಸಿದಳು. ತಲೆಯ ಮೇಲಿನ ಸೆರಗು ಜಾರಿದ್ದನ್ನು ಮತ್ತೆ ಎಳೆದುಕೊಳ್ಳಲಿಲ್ಲ.

"ಅವರನ್ನ ಕೇಳೀರೇನ್ರಿ?"

"ಅವಂಗ ಏನ್ ಕೇಳೂದು, ತಂಗೀ..."

"ಕೇಳ್ರಿ. ನಿಮ್ಮ ತಮ್ಮ ಅದಾರ ಅವರು. ಕೇಳಿ, ಹೇಳೂತನಕ ಕಾಯ್ರಿ. ಬರ್ತೀನಿ ಅಂದ್ರ ನಾನ ಬಸ್ಸಿಗೆ ಹತ್ತಿಸಿ ಬರ್ತೀನಿ."

ದೊಡ್ಡಪ್ಪ ಚಾಪೆಯ ಮೇಲೆ ಅಪ್ಪನ ಎದುರು ಕೂತ. ಮೊಟ್ಟಮೊದಲ ಸಲ ಅಪ್ಪನನ್ನೇ, ಮೆಲ್ಲಗೆ ಕೇಳಿದ. "ಊರಿಗೆ ಬರ್ತೀಯೇನಪಾ, ತಮ್ಮಾ?" ಅಪ್ಪ ಅವನ ಮುಖವನ್ನೇ ನೋಡಿದ. ತುಟಿ ಅಲುಗಿತು. ಕಾದೆವು. ಕೆಳಗೆ ರಸ್ತೆಯಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು, ದೊಡ್ಡಪ್ಪ ಏಳಲು ಹೋದ, ಅವ್ವ ಅಂಗೈ ಎತ್ತಿ ತಡೆದಳು. ಅಪ್ಪ "ತಡಿ" ಎಂದ.

"ನೋಡ, ಇಷ್ಟ ಬರತೈತಿ ಅವಂಗ" ಎಂದ ದೊಡ್ಡಪ್ಪ.

"ತಡಿ ಅಂದಾರ. ತಡೀರಿ" ಎಂದಳು ಅವ್ವ.

ಅಪ್ಪ ಎಡಗೈ ಚಾಚಿ ಚೀಲವನ್ನು ತನ್ನ ಕಡೆ ಎಳೆದುಕೊಂಡ. ಒಂದೇ ಕೈಯಲ್ಲಿ ಜಿಪ್ ಬಿಚ್ಚುವುದು ಸುಲಭವಲ್ಲ. ಚೀಲ ಜಾರುತ್ತಿತ್ತು, ಅವನು ಮೊಣಕಾಲಿನಿಂದ ಒತ್ತಿ ಹಿಡಿಯುತ್ತಿದ್ದ, ಮತ್ತೆ ಜಾರುತ್ತಿತ್ತು. ನಾನು ಬಿಚ್ಚಿಕೊಡಲು ಎದ್ದೆ. ಅವ್ವ ಹೆಗಲು ಒತ್ತಿ ಕೂರಿಸಿದಳು. ಜಿಪ್ ಬಿಚ್ಚಿಕೊಂಡಿತು. ಅಪ್ಪ ತನ್ನ ಲುಂಗಿ ಹೊರಗೆ ತೆಗೆದ, ತೊಡೆಯ ಮೇಲಿಟ್ಟುಕೊಂಡ. ಅಂಗಿ ತೆಗೆದ. ಬನಿಯನ್ ತೆಗೆದ. ಒಂದು ಟಾವೆಲ್ ಬಂತು, ಅದನ್ನು ಬಿಡಿಸಿ ನೋಡಿದ. ಅದು ದೊಡ್ಡಪ್ಪನದು. ಅದನ್ನು ಮಾತ್ರ ತಿರುಗಿ ಚೀಲದೊಳಗೆ ಹಾಕಿ, ಚೀಲವನ್ನು ಅಣ್ಣನ ಮುಂದೆ ಸರಿಸಿದ. ದೊಡ್ಡಪ್ಪ ಆ ಟಾವೆಲನ್ನೇ ತೆಗೆದು ಮುಖಕ್ಕೆ ಒತ್ತಿ ಹಿಡಿದು ಕೂತುಬಿಟ್ಟ. ಬಸ್ಸು ಹೋಗಿತ್ತು. ಅವ್ವ ಚಹಾಕ್ಕೆ ಇಟ್ಟಳು.

ಅಪ್ಪ ಆಮೇಲೆ ಬಹಳ ವರ್ಷ ಬದುಕಲಿಲ್ಲ, ಆದರೆ ಬದುಕಿದ್ದಷ್ಟು ದಿನ ಆ ಗೋಡೆ ಅವನದು, ಮೊದಲ ಪಾಳಿ ಅವನದು. ಅವ್ವ ಹೋಟೆಲಿಗೆ ಹೋದ ಹೊತ್ತಿನಲ್ಲಿ ಸಾಲಿನವರು ಅವನನ್ನು ನೋಡಿಕೊಂಡರು. ಅವರೂ ನಿಧಾನವಾಗಿ ಕಾಯುವುದನ್ನು ಕಲಿತರು, ಕಲಿಯದವರಿಗೆ ಅವ್ವ ಕಲಿಸಿದಳು. ಈಗ ಆ ಸಾಲು ಇಲ್ಲ. ಮಾಲೀಕರು ಜಾಗ ಮಾರಿದರು, ನಮ್ಮ ನಳ ಇದ್ದಲ್ಲಿ ಯಾರದೋ ಕಾರುಗಳು ನಿಲ್ಲುತ್ತವೆ. ಸಾಲಿನ ಜನ ವಾಳಪೈ ಕಡೆಗೋ ಊರಿಗೋ ಚದುರಿಹೋದರು. ಅವ್ವ ಪಣಜಿಯಲ್ಲಿ ನನ್ನ ಜೊತೆ ಎರಡು ವರ್ಷವಿದ್ದು ತೀರಿಕೊಂಡಳು. ಗೋವಾದಲ್ಲಿ ನಿಮ್ಮದೇನಿದೆ ಎಂದು ಇಲ್ಲಿಯವರೂ ಕೇಳುತ್ತಾರೆ, ಊರಿನವರೂ ಕೇಳುತ್ತಾರೆ. ನನ್ನಪ್ಪ ಕೊರ್ತಾಲಿಮಿನ ಮಣ್ಣಿನಲ್ಲಿದ್ದಾನೆ ಎನ್ನುತ್ತೇನೆ, ತಾನೇ ಆರಿಸಿಕೊಂಡು ಅಲ್ಲಿದ್ದಾನೆ.

ಅವನು ತೀರಿಕೊಂಡ ದಿನ ದೊಡ್ಡಪ್ಪ ಗಾಡಿ ಮಾಡಿಕೊಂಡೇ ಬಂದಿದ್ದ. ಇದ್ದಾಗ ಕಳಿಸಲಿಲ್ಲ, ಈಗಲಾದರೂ ಊರ ಮಣ್ಣಿಗೆ ಕೊಡು ಎಂದು ಅವ್ವನ ಮುಂದೆ ನಿಂತ. ಅವ್ವ ತಲೆ ಎತ್ತಿ, "ಅವತ್ತ ನೀವ ಕೇಳಿದ್ರಲ್ರಿ ಭಾವಾರ. ಅವರು ಹೇಳಿ ಆಗೇತಿ" ಎಂದಳು. ಅವನು ಹೊರಗೆ ಹೋಗಿ ಗಾಡಿಯನ್ನು ತಿರುಗಿ ಕಳಿಸಿ ಬಂದ. ಹೆಗಲು ಕೊಟ್ಟವರಲ್ಲಿ ಅವನೇ ಮುಂದಿದ್ದ.

ಕೊರ್ತಾಲಿಮಿನಲ್ಲೇ ಮಣ್ಣು ಮಾಡಿ ಬಂದು ಎಲ್ಲರೂ ಹೊರಗೆ ಕಾಲು ತೊಳೆಯುತ್ತಿದ್ದರು. ನಾನು ದೊಡ್ಡಪ್ಪನ ಕಾಲಿಗೆ ನೀರು ಹಾಕುತ್ತಿದ್ದೆ, ಅವ್ವ ಬಾಗಿಲಲ್ಲಿ ಕೂತಿದ್ದಳು.

"ನಾ ಅವತ್ತು ಕೇಳಬಾರದಿತ್ತು, ತಂಗೀ" ಎಂದ ದೊಡ್ಡಪ್ಪ, ನೆಲ ನೋಡುತ್ತ.

"ಕೇಳಿದ್ದು ಭಾಳ ಚಲೋ ಆತ್ರಿ" ಎಂದಳು ಅವ್ವ. "ಲಕ್ವಾ ಹೊಡದ ಮ್ಯಾಲೆ, ನಿನಗೇನು ಬೇಕಪಾ ಅಂತ ಅವರನ್ನ ಕೇಳಿದವರು ನೀವೊಬ್ಬರ."